ತುಸು ಎಡಕ್ಕೆ

ಸಾಯ್ರಕಾನಕ್ಕ ಮೊದಲು ಮೇಜಿನ ಮೇಲಿಟ್ಟದ್ದು ಫೋನನ್ನಲ್ಲ,
ಕುರುತ್ ಉಂಡೆಯನ್ನು.
ಮೊಸರು ಬಸಿದು, ಉಪ್ಪು ಕಲಸಿ, ಬಿಸಿಲಿಗಿಟ್ಟು ಕಲ್ಲಾಗಿಸಿದ್ದು;
ಕಿರ್ಗಿಜರು ನಾವು ಅದನ್ನು ಚೀಪುತ್ತೇವೆ,
ಯಾರೂ ರಿಪೇರಿಗೆ ತರುವುದಿಲ್ಲ.

“ಇದು ವೈರಿನ ಕೆಳಗೆ,” ಎಂದಳು. “ಹೀಗೆ, ತುಸು ಎಡಕ್ಕೆ.
ಫೋನು ಗೋಡೆಗೆ ಒರಗಬೇಕು, ಮಲಗಬಾರದು.
ಆಮೇಲೆ ಯಾರೂ ಬಾಗಿಲು ದಢಾರನೆ ಹಾಕಬಾರದು.
ಸೊಸೆಗೆ ಗೊತ್ತು, ಮೊಮ್ಮಗನಿಗೆ ಗೊತ್ತು,
ಬೆಕ್ಕಿಗೂ ಗೊತ್ತಾಗಿದೆ,
ಆ ಮೂಲೆ ಬಂದರೆ ಬಾಲ ಮಡಚಿಕೊಂಡು ದಾಟುತ್ತದೆ.
ಬೆಳಗಾಗುವಾಗ ನಲವತ್ತು ಪರ್ಸೆಂಟು. ದೇವರು ದೊಡ್ಡವನು.”

ನನ್ನ ಅಂಗಡಿ ಅಂದರೆ ಹಡಗಿಗೆ ಹೇರುವ ಕಂಟೇನರು.
ಸಮುದ್ರ ಕಾಣದ ಅತ್-ಬಾಶಿಗೆ ಅದು ಹೇಗೆ ಬಂತೋ.
ತಗಡಿನೊಳಗೆ ಕಲ್ಲಿದ್ದಲ ಒಲೆ, ಒಂದು ಬಲ್ಬು, ನಾನು.
ಹೊರಗೆ ಸೊನ್ನೆಗಿಂತ ಇಪ್ಪತ್ತು ಕೆಳಗೆ;
ಭಾನುವಾರದ ಸಂತೆಯಲ್ಲಿ ಕುರಿಗಳ ಉಸಿರು ಹೊಗೆಯಾಗಿ ಏಳುತ್ತಿತ್ತು.

ಫೋನಿನ ಬಾಯಿಗೆ ದೀಪ ಹಿಡಿದೆ.
ಬೂದುಬಣ್ಣದ್ದು ಏನೋ, ಗಂಟಲ ತನಕ.
ಜೇಬಿನ ಜುಂಗು ಎಲ್ಲರ ಫೋನಿನಲ್ಲೂ ಇರುತ್ತದೆ:
ರೊಟ್ಟಿಯ ಪುಡಿ, ಸೂರ್ಯಕಾಂತಿ ಬೀಜದ ಸಿಪ್ಪೆ,
ಒಮ್ಮೆ ಒಬ್ಬ ಪೊಲೀಸಿನವನ ಫೋನಿನಿಂದ ಮದುವೆಮನೆಯ ಮಿನುಗು.
ಮರದ ಹಲ್ಲುಕಡ್ಡಿ ತಗೊಂಡೆ. ಸೂಜಿ ಬೇಡ,
ಸೂಜಿ ಆತುರಗಾರರಿಗೆ.
ಅಂಚಿನಿಂದ ಮೆಲ್ಲಗೆ ಕೆದಕಿದೆ, ಮಗುವಿನ ಕಿವಿಯ ಗುಗ್ಗೆ ತೆಗೆವ ಹಾಗೆ.
ಬಂತು. ಇಡಿಯಾಗಿ.
ಅಕ್ಕಿಕಾಳಿಗಿಂತ ತುಸು ದೊಡ್ಡದು, ಚಪ್ಪಟೆ,
ಎಳೆದರೆ ಹರಿಯದು.

ಅಕ್ಕ ಅದನ್ನು ನನ್ನ ಕೈಯಿಂದ ಕಸಿದುಕೊಂಡಳು.
ನಲವತ್ತು ವರ್ಷ ಉಣ್ಣೆ ತುಳಿದವಳು ಆಕೆ,
ಬಿಸಿನೀರು ಚಿಮುಕಿಸಿ, ಚಾಪೆಯಲ್ಲಿ ಸುತ್ತಿ, ಮೊಣಕೈಯಲ್ಲಿ ಉರುಳಿಸಿ
ಊರಿನ ಅರ್ಧ ನೆಲಕ್ಕೆ ಕಂಬಳಿ ಹಾಸಿದವಳು.
ಬೆರಳಲ್ಲಿ ಹೊಸಕಿದಳು. ಬೆಳಕಿಗೆ ಹಿಡಿದಳು.
“ಇದು ಕಸವಲ್ಲ ಕಣೋ ಎರ್ಮೆಕ್, ಕಂಬಳಿ.
ಏಪ್ರನ್ ಜೇಬಿನ ಉಣ್ಣೆ, ನನ್ನ ಕೈಯ ತೇವ,
ದಿನಾ ರಾತ್ರಿ ಪಿನ್ನು ಚುಚ್ಚಿ ಚುಚ್ಚಿ ಒತ್ತಿದ್ದು.
ನೋಡು, ಎಷ್ಟು ಬಿಗಿ!
ಎರಡು ವರ್ಷದಿಂದ ಸೊಸೆಗೆ ಕಲಿಸುತ್ತಿದ್ದೇನೆ, ಇಷ್ಟು ಬಿಗಿ ಬಂದಿಲ್ಲ.”

ಕತೆ ಅಲ್ಲಿಗೆ ಮುಗಿದಿದ್ದರೆ ನಾನು ದುಡ್ಡು ಕೇಳುತ್ತಿರಲಿಲ್ಲ.
ವೈರು ಹಾಕಿದೆ: ಮಿಂಚಿನ ಗುರುತು ಬಂತು, ಹೋಯಿತು, ಬಂತು.
ಒಳಗಿನ ಹಲ್ಲುಗಳು ಸವೆದಿದ್ದವು.
ಕರೆಂಟು ತುಟಿಯ ತನಕ ಬಂದಿದೆ, ಕಚ್ಚಲು ಹಲ್ಲಿಲ್ಲ.
ಎಡಕ್ಕೇ ವಾಲಿಸಿ ವಾಲಿಸಿ
ಎಡಗಡೆ ತೀರಾ ಬೋಳು.
ಹೇಳಿದೆ. ಕುರುತ್ ಉಂಡೆಯನ್ನೇ ನೋಡುತ್ತ ಹೇಳಿದೆ.
“ಬದುಕಿಸಿದ್ದೂ ಅದೇ ಅಲ್ವಾ,” ಎಂದಳು.

ಡ್ರಾಯರಿನಲ್ಲಿ ಸತ್ತ ಫೋನೊಂದಿತ್ತು, ಅದೇ ಮಾಡೆಲ್ಲು,
ಕುದುರೆ ಕಾಲಿಟ್ಟು ಗಾಜು ಹೋದದ್ದು. ಬಾಯಿ ಮಾತ್ರ ಹೊಸದು:
ಅದರ ಯಜಮಾನನಿಗೆ ಮಾತು ಕಮ್ಮಿ.
ಹಿಂಬದಿ ಬಿಸಿ ಮಾಡಿ ಬಿಡಿಸಿದೆ. ಒಂಬತ್ತು ಸ್ಕ್ರೂ;
ಮರಳಿ ಹಾಕುವಾಗ ಎಂಟು ಸಿಕ್ಕವು,
ಇನ್ನೊಂದನ್ನು ಒಲೆಯ ಬೂದಿ ಇಟ್ಟುಕೊಂಡಿತು.
ಅಷ್ಟೂ ಹೊತ್ತು ಆಕೆ ನನ್ನತ್ತ ನೋಡಲೇ ಇಲ್ಲ.
ಆ ಪುಟ್ಟ ಕಂಬಳಿಯನ್ನು ಕರವಸ್ತ್ರದ ತುದಿಗೆ ಗಂಟು ಹಾಕಿದಳು,
ಬಿಚ್ಚಿ ನೋಡಿದಳು, ಮತ್ತೆ ಗಂಟು ಹಾಕಿದಳು.

ವೈರು ಟಕ್ಕೆಂದು ಕೂತಿತು. ಕೈಬಿಟ್ಟೆ. ಮಿಂಚು ನಿಂತಿತು.
ಫೋನನ್ನು ಮಲಗಿಸಿದೆ, ತಲೆಕೆಳಗು ಮಾಡಿದೆ,
ಎದ್ದುಹೋಗಿ ತಗಡಿನ ಬಾಗಿಲನ್ನು ದಢಾರನೆ ಹಾಕಿದೆ.
ಮಿಂಚು ಹಾಗೇ ಇತ್ತು.
ಆದರೂ ಆಕೆಯ ಕೈ ತಾನಾಗಿ ಹೋಗಿ
ಉಂಡೆಯನ್ನು ವೈರಿನಡಿ ಸರಿಸಿತು, ತುಸು ಎಡಕ್ಕೆ.
ನಾವಿಬ್ಬರೂ ಅದನ್ನು ನೋಡಿದೆವು.

ಆಮೇಲೆ ಸುತ್ತಿಗೆ ಕೇಳಿದಳು.
ಉಂಡೆ ಎರಡಾಯಿತು; ದೊಡ್ಡ ಚೂರು ನನಗೆ.
ಎರಡು ವರ್ಷದ ಧೂಳನ್ನು ತೋಳಿಗೆ ಒರೆಸಿ ಬಾಯಿಗೆ ಹಾಕಿಕೊಂಡೆ.
ಮೊದಲು ಕಲ್ಲು, ಆಮೇಲೆ ಉಪ್ಪು,
ಬಹಳ ಹೊತ್ತಿನ ಮೇಲೆ, ಹಾಲು.