ಎಡಗೈ ಪೊರಕೆ

ಬಲಗೈ ಮಣಿಕಟ್ಟು ಚಳಿಗೆ ಮಾತಾಡುತ್ತೆ,
ಅದಕ್ಕೇ ಎಡಗೈಲಿ ಗುಡಿಸೋದು ಕಲಿತೆ.
ಮೇಸ್ತ್ರಿ ಕೇಳಿದ: ಏನು ಓಬಳಮ್ಮ, ಹುಟ್ಟು ಎಡಚಿಯಾ?
ಹೂಂ ಅಂದೆ.
ಮದುವೆಯಾದ ಆರನೇ ವರ್ಷ ಹುಟ್ಟಿದೋಳು ಅನ್ನಲಿಲ್ಲ.

ಲಕ್ಕಸಂದ್ರದ ವೈನ್ ಶಾಪಿನ ಮುಂದೆ
ಆರು ಗಂಟೆಗೆ ನನ್ನ ಹೊಲ.
ಬೆಳೆ: ತೊಂಬತ್ತರ ಪ್ಯಾಕೆಟ್ಟು, ಪ್ಲಾಸ್ಟಿಕ್ ಲೋಟ, ಕಡಲೆಸಿಪ್ಪೆ,
ಭಾನುವಾರವಾದರೆ ವಾಂತಿ, ಒಂಟಿ ಚಪ್ಪಲಿ.
ಪ್ಯಾಕೆಟ್ಟು ನೋಡಿ ಕುಡಿದೋನ ಗುಣ ಹೇಳ್ತೀನಿ.
ಹಲ್ಲಲ್ಲಿ ಹರಿದಿದ್ದರೆ ಆತುರದೋನು.
ಮಡಿಚಿ ಮಡಿಚಿ ಬಿಸಾಕಿದ್ದರೆ ಮನೇಲಿ ಮಕ್ಕಳಿದಾವೆ.
ಕಾಲಲ್ಲಿ ತುಳಿದು ಚಪ್ಪಟೆ ಮಾಡಿದ್ದರೆ
ಆ ಮನೆಯೋಳಿಗೆ, ಇವತ್ತು ತವರಿಗೆ ಹೋಗೇ, ಅನ್ನಬೇಕು ಅನಿಸುತ್ತೆ.
ಅಡ್ರೆಸ್ ಗೊತ್ತಿಲ್ಲ.
ಒಂದು ಅಡ್ರೆಸ್ ಬಿಟ್ಟು.

ಸೊಣ್ಣಪ್ಪ ತುಳಿಯೋನು.

ಬೆಳಿಗ್ಗೆ ಒಳ್ಳೇವನು, ಅದೇ ಕಷ್ಟ.
ನಲ್ಲಿ ನೀರು ಹಿಡಿದು ತುಂಬಿಸ್ತಾನೆ,
ಊದಿದ ಕಣ್ಣಿಗೆ ಅವನೇ ಅರಿಶಿನ ತೇಯ್ದು ಕೊಡ್ತಾನೆ,
ಯಾರು ಹೊಡೆದದ್ದು ಅಂತ ಕೇಳೋನ ಹಾಗೆ ನೋಡ್ತಾನೆ.
ಒಂದಿನ ಹಾಜರಿ ಮಿಷನ್ನು ನನ್ನ ಮುಖ ಒಪ್ಪಲಿಲ್ಲ.
ಇದು ಓಬಳಮ್ಮ ಅಲ್ಲ ಅಂತು.
ಅರ್ಧ ದಿನದ ಸಂಬಳ ಹೋಯ್ತು.

ಹೊಸೂರು ರೋಡಿನ ದೊಡ್ಡಾಸ್ಪತ್ರೆಗೆ ಸೇರಿಸಿದೆ,
ಕುಡಿತ ಬಿಡಿಸೋ ವಾರ್ಡು, ಇಪ್ಪತ್ತೊಂದು ದಿನ.
ಅವನಿಗೆ ಫೈಲು, ನಂಬರು, ಹಳದಿ ಗ್ಲೂಕೋಸು, ಮಂಚ.
ನನಗೆ ಮಂಚದ ಕೆಳಗೆ ಚಾಪೆ,
ಕೊರಳಲ್ಲಿ ಒಂದು ಪಾಸು: ಅಟೆಂಡರ್.
ಅವನ ಕೈ ನಡುಗಿದರೆ ಓಡಿ ಬಂದರು.
ನನ್ನ ಕೈಯೂ ನಡುಗ್ತಿತ್ತು, ಎರಡನೇ ದಿನದಿಂದ.
ಚಾಪೆ ಸುತ್ತಿ ಅದರೊಳಗೆ ಇಟ್ಟುಕೊಂಡೆ.

ಯಾಕೆ ಅಂದರೆ ಹೇಳ್ತೀನಿ.
ನಾಲ್ಕಕ್ಕೆ ಏಳುವಾಗ ಅವನ ಪ್ಯಾಕೆಟ್ಟಲ್ಲಿ ಒಂದು ಗುಟುಕು ಉಳಿದಿರೋದು.
ಮೊದಲು ಮಣಿಕಟ್ಟಿಗೆ ಸವರಿದೆ.
ಆಮೇಲೆ ಬಟ್ಟೆ ಅದ್ದಿ ಹಲ್ಲಿಗೆ ಒತ್ತಿದೆ,
ಹಲ್ಲೂ ಅವನು ಅಲ್ಲಾಡಿಸಿದ್ದೇ.
ಹಲ್ಲಿನಿಂದ ಗಂಟಲಿಗೆ ಎಷ್ಟು ದೂರ?
ಮೂರು ಬೆರಳು.
ಅಷ್ಟು ನಡೆಯೋಕೆ ಎರಡು ವರ್ಷ ತಗೊಂಡೆನಲ್ಲ,
ಅದೇ ದೊಡ್ಡದು ಅಂದ್ಕೋತೀನಿ.

ಕಸದ ನಾತಕ್ಕೆ ಕುಡೀತಾರೆ ಅಂತಾರೆ ನಮ್ಮೋರನ್ನ.
ಕಸ ನಾರುತ್ತೆ, ನಿಜ. ನಾನು ಕುಡಿದದ್ದು ಅದಕ್ಕಲ್ಲ.
ರಾತ್ರಿ ಚಿಲಕ ಅಲ್ಲಾಡಿದಾಗ ಎದೆಯೊಳಗೆ
ಒಂದು ತಗಡಿನ ಬಕೆಟ್ಟು ಉರುಳುತ್ತಲ್ಲ,
ಬೆಳಕು ಹರಿದರೂ ಅದು ಉರುಳ್ತಾನೇ ಇರೋದು,
ಆಟೋ ಹಾರನ್ನಿಗೆ, ಕುಕ್ಕರಿನ ಕೂಗಿಗೆ,
ಯಾರೋ ಗಂಡಸು ಜೋರಾಗಿ ನಕ್ಕರೆ.
ಒಂದು ಗುಟುಕಿಗೆ ನಿಲ್ಲೋದು.
ಆಮೇಲಾಮೇಲೆ ಒಂದಕ್ಕೆ ನಿಲ್ಲಲಿಲ್ಲ.

ಹನ್ನೆರಡನೇ ದಿನ ಒಬ್ಬ ಹುಡುಗಿ ಬಂದಳು,
ಅವನ ಬಗ್ಗೆ ನಲವತ್ತು ಪ್ರಶ್ನೆ:
ಯಾವಾಗಿಂದ, ಎಷ್ಟು, ಕೋಪ ಹೇಗೆ, ನಿದ್ದೆ ಹೇಗೆ.
ನನಗೆ ಎಲ್ಲ ಬಾಯಿಪಾಠ.
ಪೆನ್ನು ಮುಚ್ಚಿ ಹೊರಟೋಳು ತಿರುಗಿ,
ನಿಮಗೆ ನಿದ್ದೆ ಬರುತ್ತಾ ಅಮ್ಮ, ಅಂದಳು.
ಸುಮ್ಮನೆ ಕೇಳಿರಬೇಕು, ಬಸ್ಸಿಗೆ ಹೊತ್ತಾಗಿತ್ತೇನೋ.
ನಾನು ಚಾಪೆಯಿಂದ ಕೈ ತೆಗೆದು ತೋರಿಸಿದೆ.
ಎರಡನ್ನೂ.

ಮನೆಗೆ ಬಂದ ಸೊಣ್ಣಪ್ಪ ಹದಿನೇಳು ದಿನ ಕುಡಿಯಲಿಲ್ಲ.
ಆ ಹದಿನೇಳರಲ್ಲಿ ಎರಡು ಸಲ ಹೊಡೆದ.
ಆಗ ತಿಳೀತು, ಕುಡಿಯೋದು ಬಾಯಿ,
ಕೈ ಯಾವತ್ತೂ ಕುಡಿದಿರಲಿಲ್ಲ.

ನನ್ನ ಹೆಸರಿಗೂ ಈಗ ಒಂದು ಫೈಲಿದೆ,
ಅಕ್ಕಿ ಡಬ್ಬದ ತಳದಲ್ಲಿ.
ಅವನದಕ್ಕಿಂತ ತೆಳ್ಳಗೆ. ಮಂಗಳವಾರ ಬಾ ಅಂದಿದಾರೆ.
ಏನು ಸುಳ್ಳು ಹೇಳಿ ಹೋಗಲಿ ಅಂತ ಯೋಚಿಸ್ತಿದೀನಿ.

ಇವತ್ತು ಮೂವತ್ತೇಳು ಪ್ಯಾಕೆಟ್ಟು.
ಒಂದು ಭಾರ ಇತ್ತು. ಅಲ್ಲಾಡಿಸಿದೆ, ಒಳಗೆ ಸದ್ದು.
ರಸ್ತೆ ಖಾಲಿ, ಬೀದಿದೀಪ ಇನ್ನೂ ಆರಿರಲಿಲ್ಲ.
ತುಂಬಾ ಹೊತ್ತು ನಿಂತಿದ್ದೆ.
ಹೊಂಗೆ ಮರದ ಬುಡಕ್ಕೆ ಸುರಿದೆ,
ಎಡಗೈಲಿ,
ಬಲಗೈಲಿ ಎಡಗೈಯನ್ನ ಹಿಡಿದುಕೊಂಡು.

ಮಂಗಳವಾರ ನಾಡಿದ್ದು.