ಮೂರನೆಯ ಕಾಲಂ

ನನ್ನ ಪುಸ್ತಕದಲ್ಲಿ ಐದು ಕಾಲಂ.
ಮೂರನೆಯದು: ಯಾರ ಪರವಾಗಿ?
ತಾರಾನಾಥ ಮೆಂಡನ್ನರು ಅಲ್ಲಿ ಸಣ್ಣದೊಂದು ಗೆರೆ ಎಳೆದು
ಪೆನ್ನಿನ ಮುಚ್ಚಳ ಹಾಕುತ್ತಾರೆ, ಪ್ರತಿ ಸಲ.

ಒಳಗೆ ತುಳುವಿನಲ್ಲೇ ನಗು.
ಸಾಹೇಬರ ಮಗಳ ಮಾರ್ಕು, ಬಂಗುಡೆಯ ರೇಟು,
ಆಮೇಲೆ ಮೆಲ್ಲಗೆ ಆಳಸಮುದ್ರ, ದೊಡ್ಡ ಹಡಗು,
‘ನಮ್ಮವರಿಗೇ ಒಳ್ಳೆಯದಲ್ವಾ ಮಾರಾಯ್ರೆ.’
ಕಡತದ ಕೊನೆಯ ಹಾಳೆಯಲ್ಲಿ ಮಾತ್ರ
ನನಗೆ ಓದಲು ಬಾರದ ಲಿಪಿಯ ಮುದ್ರೆ.

ಬೆಳಗಿನ ಐದಕ್ಕೆ ಮಂಗಳೂರು ಧಕ್ಕೆಯಲ್ಲಿ
ನನ್ನ ಅತ್ತೆ ಗುಲಾಬಿ ಏಲಂ ಕೂಗುತ್ತಾಳೆ.
ಬೇರೆಯವರಿಗಾಗಿ ಬುಟ್ಟಿ ಹಿಡಿದವ
ಆ ಹೆಸರು ಗಟ್ಟಿಯಾಗಿ ಹೇಳಬೇಕು,
ಇಲ್ಲದಿದ್ದರೆ ಬುಟ್ಟಿ ವಾಪಸು, ಬೈಗುಳ ಫ್ರೀ.
ಯಾವ ಕಾಯಿದೆಯಲ್ಲೂ ಬರೆದಿಲ್ಲ ಅದು.

ಇವತ್ತು ಪುಸ್ತಕ ಅವರ ಕಡೆಗೆ ತಿರುಗಿಸಿದೆ.
ಗೆರೆಯ ಮೇಲೆ ಬೆರಳಿಟ್ಟು
‘ಇಲ್ಲೊಂದು ಹೆಸರು ಬಾಕಿ’ ಎಂದೆ.
ಪೆನ್ನಿನಲ್ಲಿ ಶಾಯಿ ಇಲ್ಲ ಎಂದರು.

ನನ್ನದು ಕೊಟ್ಟೆ.