ನಿವ್ವಳ

ಸಕ್ಕರೆ ಕಾರ್ಖಾನೆಯ ತೂಕದ ಕಟ್ಟೆಯಲ್ಲಿ
ಹತ್ತೊಂಬತ್ತು ವರ್ಷದಿಂದ ಕೂತಿದ್ದೇನೆ.
ಕಿಟಕಿಯಾಚೆ ಎತ್ತಿನ ಗಾಡಿ, ಟ್ರಾಕ್ಟರು, ಲಾರಿ,
ಅವುಗಳ ನೆತ್ತಿಯ ಮೇಲೆ ಕುಂತಿಬೆಟ್ಟ.
ಅದನ್ನು ಮಾತ್ರ ಯಾರೂ ತೂಕಕ್ಕೆ ತಂದಿರಲಿಲ್ಲ.

ಕಬ್ಬು ಅರೆಯುವ ಹಂಗಾಮು ಮುಗಿದ ಮೊದಲ ಭಾನುವಾರ
ಶಫೀಕಾ ಫೋನು ಮಾಡಿದಳು:
"ಏ ಚಿಕ್ತಾಯಿ, ಬೆಟ್ಟ ಹತ್ತುವ ನಡಿ,
ರಿಟೈರಾದ ಮೇಲೆ ಮಂಡಿ ಒಪ್ಪಲ್ಲ."
ಅವಳ ಮಂಡಿ ಈಗಲೇ ಒಪ್ಪುವುದಿಲ್ಲ, ನನಗೆ ಗೊತ್ತು.
ಚಿತ್ರಾನ್ನ, ನಾಲ್ಕು ಸೌತೆಕಾಯಿ, ಕಾಗದದಲ್ಲಿ ಉಪ್ಪುಖಾರ,
ಅವಳದು ಒಂದು ಫ್ಲಾಸ್ಕು ಚಾ.

ಮೊದಲು ಮೆಟ್ಟಿಲು. ಆಮೇಲೆ ಮೆಟ್ಟಿಲು ಮರೆತ ಬಂಡೆ.
ಬಂಡೆಯ ಮೇಲೆ ಬಿಳಿ ಬಾಣದ ಗುರುತು,
ಪಕ್ಕದಲ್ಲಿ ಯಾರೋ ಪ್ರೀತಿಸಿದ ಮೂರಕ್ಷರ,
ಅದರ ಮೇಲೆ ಇನ್ಯಾರೋ ಸುಣ್ಣ ಬಳಿದದ್ದು.
ಮೈಸೂರಿನ ಹುಡುಗರು ಗುಂಪಾಗಿ ಬಂದರು,
ಬೆನ್ನಿಗೆ ಚೀಲ, ಕಾಲಿಗೆ ಹಲ್ಲಿರುವ ಬೂಟು.
"ಆಂಟಿ, ದಾರಿ ಈ ಕಡೆ" ಅಂದರು.
ನಮ್ಮೂರ ಬೆಟ್ಟದ ದಾರಿಯನ್ನು ನಮಗೇ ಹೇಳಿದರು.
ಹೇಳಲಿ. ನಮಗೆ ಗೊತ್ತಿರಲಿಲ್ಲ.
ಕೋತಿ ಒಂದು ಸೌತೆಕಾಯಿ ಒಯ್ದಿತು.
ಲೆಕ್ಕಕ್ಕೆ ಮೂರು.

ಎರಡು ಬಂಡೆ ಒಂದಕ್ಕೊಂದು ಒರಗಿದ ಸಂದಿನಲ್ಲಿ
ಶಫೀಕಾ ಕೂತಳು. ಏಳಲಿಲ್ಲ.
ಚೂಡಿದಾರದ ಅಂಚಿಗೆ ಅಂಟಿದ ಉತ್ತರಾಣಿಯ ಮುಳ್ಳನ್ನು
ಒಂದೊಂದೇ ಕೀಳುತ್ತ,
"ನೀ ಹೋಗ್ಬಾ, ನಂಗಿಲ್ಲೇ ಗಾಳಿ ಬರ್ತದೆ" ಎಂದಳು.
ಗಾಳಿ ಬರುತ್ತಿರಲಿಲ್ಲ.

ಒಬ್ಬಳೇ ಹತ್ತಿದೆ. ಕೊನೆಕೊನೆಗೆ ಕೈಕಾಲು ನಾಲ್ಕರಲ್ಲೂ,
ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ, ನಾಟಿಗೆ ಇಳಿದವಳ ಹಾಗೆ.
ಆಮೇಲೆ ಹಿಡಿಯುವುದಕ್ಕೆ ಕಲ್ಲೇ ಸಿಗಲಿಲ್ಲ.
ಅದೇ ತುದಿ.

ನಾನು ಮೊದಲು ಹುಡುಕಿದ್ದು ತೂಕದ ಕಟ್ಟೆಯನ್ನು.
ಚಿಮಣಿ ಸಿಕ್ಕಿತು, ಹೊಗೆಯಿಲ್ಲದೆ,
ಹಚ್ಚಲು ಮರೆತು ಊರಿಟ್ಟ ಊದುಕಡ್ಡಿ.
ಅದರ ಬುಡದಲ್ಲಿ ಬೆಂಕಿಪೊಟ್ಟಣದಷ್ಟು ತಗಡು.
ಅಷ್ಟರೊಳಗೆ ನಾನು, ನನ್ನ ಫ್ಯಾನು, ನನ್ನ ಹತ್ತೊಂಬತ್ತು ವರ್ಷ!
ಸುತ್ತ ಕೂಳೆ ಕಬ್ಬಿನ ಎಳೆ ಹಸಿರು,
ಇನ್ನೂ ಲಾರಿ ಕಾಣದ, ಇನ್ನೂ ಚೀಟಿ ಹರಿಯದ
ಟನ್ನುಗಟ್ಟಲೆ ಹಸಿರು.
ನಾಲೆ ನೆಟ್ಟಗೆ ಹೋಗುತ್ತ, ಒಂದು ಊರು ಕಂಡು,
ಬಳಸಿ, ಮತ್ತೆ ನೆಟ್ಟಗೆ.
ಬಡಗಲಲ್ಲಿ ಗುಡ್ಡಗಳ ತೊಡೆಯ ಮೇಲೆ ತೊಣ್ಣೂರು ಕೆರೆ,
ಮಲಗಿದ್ದು ಒಂದು ಕಣ್ಣು ತೆರೆದ ಹಾಗೆ.

ಇಳಿದು ಬಂದಾಗ ಅವಳು ಕೇಳಿದಳು, "ಏನ್ ಕಂಡೆ?"
ಬಾಯಿಗೆ ಬಂದದ್ದು ಕೆಲಸದ ಮಾತೇ:
ಹೋಗುವಾಗ ಒಟ್ಟು ತೂಕ, ಬರುವಾಗ ಖಾಲಿ ತೂಕ,
ಕಳೆದರೆ ಉಳಿದದ್ದು ನಿವ್ವಳ.
"ಏನೋ ಇಳಿಸಿ ಬಂದೆ ಕಣೆ.
ಏನೂಂತ ಚೀಟೀಲಿ ಬರಿಯಕ್ಕಾಗಲ್ಲ."
ಅವಳು ಚಾ ಬಗ್ಗಿಸಿದಳು. ಸಕ್ಕರೆ ಹೆಚ್ಚು,
ಕಾರ್ಖಾನೆಯವರ ಮನೆಯ ಚಾ ಯಾವಾಗಲೂ ಹಾಗೆ.

ಮಧ್ಯಾಹ್ನ ಆಟೋದಲ್ಲಿ ತೊಣ್ಣೂರಿಗೆ.
ತಳದ ಕಲ್ಲು ಎಣಿಸಬಹುದು, ಅಷ್ಟು ತಿಳಿ.
ನನಗೆ ನೀರೆಂದರೆ ಭಯ, ಪಾದ ನೆನೆಯುವಷ್ಟೇ ನಿಂತೆ.
ಶಫೀಕಾ ನಾಲೆಯ ದಂಡೆಯಲ್ಲಿ ಬೆಳೆದವಳು,
ಅಣ್ಣಂದಿರ ಜೊತೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವಳು.
ಚಪ್ಪಲಿಯನ್ನು ನನ್ನ ಕೈಗಿಟ್ಟು, ಕನ್ನಡಕವನ್ನೂ ಇಟ್ಟು,
ಹಿತ್ತಲಿಗೆ ಹೋಗುವವಳಂತೆ ಇಳಿದಳು.
ಮಂಡಿ ಮುಳುಗಿತು, ಮಂಡಿಯ ನೋವು ಮುಳುಗಿತು,
ಆಮೇಲೆ ಬರೀ ತಲೆ,
ಆಮೇಲೆ ಅಂಗಾತ ಇಡೀ ಶಫೀಕಾ.
"ಹೆಂಗದೆ ಒಳಗೆ?" ಕೂಗಿದೆ.
"ತೂಕವೇ ಇಲ್ಲ ಕಣೆ ಚಿಕ್ತಾಯೀ!"
ನೀರು ಕುಡಿದು ಕೆಮ್ಮಿ ಮತ್ತೆ ನಕ್ಕಳು.

ದಡದಲ್ಲಿ ನಾನು,
ಎಡಗೈಯಲ್ಲಿ ಅವಳ ಚಪ್ಪಲಿ, ಬಲಗೈಯಲ್ಲಿ ನನ್ನವು,
ಯಾವುದು ಭಾರವೆಂದು
ಕೈ ತಾನಾಗಿಯೇ ನೋಡುತ್ತಿತ್ತು.